ಆನಂದನ ಚೀವರ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆಯ ಕೃಪೆಗೆ ಅಷ್ಟಾಗಿ ಪಾತ್ರವಾಗದ ಸೀಮೆ. ಆದರೆ ಬಟ್ಟೆಯ ವಿಷಯದಲ್ಲಿ ಈ ಸೀಮೆ ಬಡವಲ್ಲ. ಮೊಳಕಾಲ್ಮೂರಿನ ಕೈಮಗ್ಗಗಳಲ್ಲಿ ನೇಯುವ ರೇಷ್ಮೆ ಸೀರೆಗೆ ನಾಡಿನಲ್ಲೆಲ್ಲ ಹೆಸರಿದೆ. ಚಳ್ಳಕೆರೆಯ ಸುತ್ತಿನ ಹಟ್ಟಿಗಳಲ್ಲಿ ಕುರಿಯ ಉಣ್ಣೆಯನ್ನು ಕೈಯಿಂದ ನೂತು, ನೂಲಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚಿ, ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಬಟ್ಟೆಯನ್ನು ನೇಯಲು ಬಲ್ಲವರಿಗೆ ಅದನ್ನು ಬಾಳಿಸಲೂ ಬರುತ್ತದೆ. ಕುರಿ ಕಾಯುವವನ ಹೆಗಲ ಮೇಲಿನ ಕಂಬಳಿ ಮಳೆ ಬಂದರೆ ಕೊಪ್ಪೆ, ರಾತ್ರಿಯಾದರೆ ಹಾಸಿಗೆ, ನೆಂಟರು ಬಂದರೆ ಜಮಖಾನ. ಅಂಚು ಹರಿದ ಮೇಲೂ ಅದು ಕಾಳು ಒಣಗಿಸುವುದಕ್ಕೆ ಆಗುತ್ತದೆ. ಉಟ್ಟು ಸವೆದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ ಹೊಲಿದರೆ ಕೌದಿಯಾಗುತ್ತದೆ. ಅಜ್ಜಿಯ ಸೀರೆ ಮೊಮ್ಮಗನ ಹೊದಿಕೆಯಾಗುವುದು ಹೀಗೆ.

ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ಇಸಿಲ ಎಂಬ ಊರಿನ ಮಹಾಮಾತ್ರರನ್ನು ಕುರಿತು ಬರೆದ ಬ್ರಹ್ಮಗಿರಿಯ ಶಾಸನದಲ್ಲಿ ಚಕ್ರವರ್ತಿಯು ತಾನು ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಉಪಾಸಕನಾಗಿರುವುದನ್ನೂ, ಮೊದಲಲ್ಲಿ ಹೆಚ್ಚಿನ ಉತ್ಸಾಹ ತೋರದೆ, ಸಂಘವನ್ನು ಸೇರಿದ ಮೇಲೆ ಶ್ರದ್ಧೆಯಿಂದ ಶ್ರಮಿಸಿದುದನ್ನೂ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ಚಕ್ರವರ್ತಿಯೇ ತಲೆಬಾಗಿದ ಆ ಸಂಘದ ಭಿಕ್ಷುಗಳು ಎಂತಹ ಬಟ್ಟೆಯನ್ನು ಉಡುತ್ತಿದ್ದರು? ಅದಕ್ಕೆ ರೂಪ ಕೊಟ್ಟವನು ಯಾರು? ಈ ಪ್ರಶ್ನೆಗಳ ಜಾಡು ಹಿಡಿದು ಹೊರಟರೆ ಅಶೋಕನಿಗೂ ಬಹು ಹಿಂದಿನ ಕಾಲಕ್ಕೆ, ಬುದ್ಧನ ನೆಚ್ಚಿನ ಶಿಷ್ಯನಾದ ಆನಂದನ ಬಳಿಗೆ ಹೋಗಬೇಕಾಗುತ್ತದೆ.

ಆನಂದನು ಶಾಕ್ಯವಂಶದವನು. ಶುದ್ಧೋದನನ ಸೋದರನಾದ ಅಮಿತೋದನನ ಮಗನೆಂದು ಬೌದ್ಧ ಪರಂಪರೆ ಹೇಳುತ್ತದೆ. ಆ ಲೆಕ್ಕದಲ್ಲಿ ಬುದ್ಧನೂ ಅವನೂ ಅಣ್ಣತಮ್ಮಂದಿರ ಮಕ್ಕಳು. ಕಪಿಲವಸ್ತುವಿನ ಅರಮನೆಗಳಲ್ಲಿ ಬೆಳೆದ ಈ ರಾಜಕುಮಾರನಿಗೆ ನವುರಾದ ವಸ್ತ್ರಗಳ ಕೊರತೆಯೇನೂ ಇದ್ದಿರಲಾರದು. ಬುದ್ಧನು ಜ್ಞಾನೋದಯದ ತರುವಾಯ ತನ್ನ ಊರಿಗೆ ಬಂದು ಹೋದ ಮೇಲೆ ಭದ್ದಿಯ, ಅನುರುದ್ಧ, ಆನಂದ, ಭಗು, ಕಿಂಬಿಲ ಮತ್ತು ದೇವದತ್ತ ಎಂಬ ಆರು ಮಂದಿ ಕುಮಾರರು ಅವನ ಹಿಂದೆ ಹೊರಟರು. ಉಪಾಲಿ ಎಂಬ ಕ್ಷೌರಿಕನು ಅವರೊಡನಿದ್ದನು. ರಾಜ್ಯದ ಗಡಿ ದಾಟಿದೊಡನೆ ಕುಮಾರರು ತಮ್ಮ ಒಡವೆಗಳನ್ನು ಕಳಚಿ, ಉತ್ತರೀಯದಲ್ಲಿ ಗಂಟು ಕಟ್ಟಿ, ಜೀವನಕ್ಕೆ ಇಷ್ಟು ಸಾಕೆಂದು ಉಪಾಲಿಯ ಕೈಗಿತ್ತು ಅವನನ್ನು ಹಿಂದಕ್ಕೆ ಕಳುಹಿಸಿದರು. ಉಪಾಲಿಯು ಸ್ವಲ್ಪ ದೂರ ನಡೆದವನು ನಿಂತು ಆಲೋಚಿಸಿದನು. ಈ ಗಂಟಿನೊಡನೆ ಊರು ಸೇರಿದರೆ ಕುಮಾರರನ್ನು ಕೊಲ್ಲಿಸಿದವನು ಇವನೇ ಎಂದು ಶಾಕ್ಯರು ತನ್ನ ಪ್ರಾಣ ತೆಗೆದಾರು. ಅದೂ ಅಲ್ಲದೆ, ರಾಜಕುಮಾರರೇ ಬಿಟ್ಟು ನಡೆದುದು ತನಗೇಕೆ? ಅವನು ಆ ಗಂಟನ್ನು ಒಂದು ಮರಕ್ಕೆ ತೂಗುಹಾಕಿ, ಕಂಡವರು ಒಯ್ಯಲಿ ಎಂದು ಬಿಟ್ಟು, ಕುಮಾರರನ್ನು ಹಿಂಬಾಲಿಸಿದನು. ಕುಮಾರರು ಬುದ್ಧನಲ್ಲಿ ಒಂದು ಬೇಡಿಕೆಯಿಟ್ಟರು. ಶಾಕ್ಯರು ಅಭಿಮಾನಿಗಳು, ಆದುದರಿಂದ ತಮಗಿಂತ ಮೊದಲು ಉಪಾಲಿಗೆ ದೀಕ್ಷೆಯಾಗಬೇಕು. ಹಾಗಾದರೆ ಹಿರಿಯನೆಂದು ಅವನಿಗೆ ತಾವು ಕೈಮುಗಿಯಬೇಕಾಗುತ್ತದೆ, ಕುಲದ ಹಮ್ಮು ಇಳಿಯುತ್ತದೆ. ಅದರಂತೆಯೇ ನಡೆಯಿತು. ನಿನ್ನೆಯವರೆಗೆ ತಲೆಗೂದಲು ಕತ್ತರಿಸುತ್ತಿದ್ದವನಿಗೆ ಆನಂದನು ನಮಸ್ಕರಿಸಿದನು.

ಭಿಕ್ಷುವಿಗೆ ಮೂರು ವಸ್ತ್ರಗಳು. ಸೊಂಟಕ್ಕೆ ಸುತ್ತುವ ಅಂತರವಾಸಕ, ಹೆಗಲಿಗೆ ಹೊದೆಯುವ ಉತ್ತರಾಸಂಗ, ಚಳಿಗೆ ಎರಡು ಪದರದ ಸಂಘಾಟಿ. ಈ ಮೂರೂ ಸೇರಿ ತ್ರಿಚೀವರ. ಸಂಘದ ಮೊದಲ ವರ್ಷಗಳಲ್ಲಿ ಈ ಬಟ್ಟೆಗೆ ಮೂಲ ಯಾವುದೆಂದರೆ ಜನರು ಬಿಸಾಡಿದ ಚಿಂದಿ. ಸ್ಮಶಾನದಲ್ಲಿ ಬಿಟ್ಟುಹೋದ ಹೊದಿಕೆ, ಅಂಗಡಿಯ ಮುಂದೆ ಎಸೆದ ತುಂಡು, ತಿಪ್ಪೆಯ ಮೇಲಿನ ಅರಿವೆ, ಇವನ್ನು ಆಯ್ದು ತರುತ್ತಿದ್ದರು. ದೂಳಿನಲ್ಲಿ ಬಿದ್ದುದಾದ್ದರಿಂದ ಅದಕ್ಕೆ ಪಾಂಸುಕೂಲ ಎಂದು ಹೆಸರಾಯಿತು. ತಂದುದನ್ನು ಒಗೆದು, ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಗಟ್ಟಿಯಾಗಿ ಉಳಿದುದನ್ನು ಒಂದಕ್ಕೊಂದು ಹೊಲಿದು, ಬೇರು, ತೊಗಟೆ, ಎಲೆ, ಹೂ ಮುಂತಾದುವುಗಳ ಬಣ್ಣದಲ್ಲಿ ಕುದಿಸಿ ಅದ್ದುತ್ತಿದ್ದರು. ನೂರು ಮನೆಯ ನೂರು ಬಣ್ಣದ ಚಿಂದಿಗಳು ಆ ಗಡಿಗೆಯಿಂದ ಒಂದೇ ಕಾವಿಯಾಗಿ ಹೊರಬರುತ್ತಿದ್ದುವು. ಯಾವುದು ಸಾಹುಕಾರನ ಮನೆಯದು, ಯಾವುದು ಬಡವನದು ಎಂದು ಆಮೇಲೆ ಗುರುತಿಸುವಂತಿರಲಿಲ್ಲ.

ಮುಂದೆ ವೈದ್ಯನಾದ ಜೀವಕನು ಅರಸನಿಂದ ತನಗೆ ದೊರೆತ ಬೆಲೆಬಾಳುವ ವಸ್ತ್ರವನ್ನು ಬುದ್ಧನಿಗೆ ಅರ್ಪಿಸಿ, ಗೃಹಸ್ಥರು ಕೊಡುವ ಬಟ್ಟೆಯನ್ನೂ ಭಿಕ್ಷುಗಳು ಸ್ವೀಕರಿಸಬೇಕೆಂದು ಕೋರಿದನು. ಬುದ್ಧನು ಒಪ್ಪಿದನು. ಇಷ್ಟವಿದ್ದವರು ಪಾಂಸುಕೂಲವನ್ನೇ ಉಡಬಹುದು, ಇಷ್ಟವಿದ್ದವರು ದಾನದ ಬಟ್ಟೆಯನ್ನು ಪಡೆಯಬಹುದು ಎಂದಾಯಿತು. ನಾರು, ಹತ್ತಿ, ರೇಷ್ಮೆ, ಉಣ್ಣೆ, ಸೆಣಬು ಎಲ್ಲಕ್ಕೂ ಅನುಮತಿ ದೊರೆಯಿತು. ಉಣ್ಣೆಯ ಬಟ್ಟೆಗೆ ಪಾಳಿ ಭಾಷೆಯಲ್ಲಿರುವ ಮಾತು ಕಂಬಲ. ಚಳ್ಳಕೆರೆಯ ಸಂತೆಯಲ್ಲಿ ಇಂದಿಗೂ ಕೇಳಿಬರುವುದು ಇದೇ ಮಾತು.

ಆದರೆ ದಾನವಾಗಿ ಹೊಸ ಬಟ್ಟೆ ಬರತೊಡಗಿದಾಗ ಒಂದು ತೊಡಕು ತಲೆದೋರಿತು. ಇಡಿಯಾದ ಒಳ್ಳೆಯ ವಸ್ತ್ರಕ್ಕೆ ಬೆಲೆಯುಂಟು. ಬೆಲೆಯಿರುವೆಡೆ ಆಸೆಯುಂಟು, ಕಳ್ಳರ ಕಣ್ಣೂ ಉಂಟು. ಒಮ್ಮೆ ಬುದ್ಧನು ರಾಜಗೃಹದಿಂದ ದಕ್ಷಿಣಗಿರಿಯ ಕಡೆಗೆ ಹೋಗುತ್ತಿದ್ದಾಗ ಮಗಧದ ಗದ್ದೆಗಳು ಕಣ್ಣಿಗೆ ಬಿದ್ದುವು. ಉದ್ದುದ್ದ ಪಟ್ಟೆಗಳು, ನಡುವೆ ಬದುಗಳು, ಬದುಗಳು ಒಂದನ್ನೊಂದು ಕೂಡುವ ಚೌಕಗಳು. ಅಂತಹ ವಿನ್ಯಾಸದಲ್ಲಿ ಭಿಕ್ಷುಗಳಿಗೆ ಚೀವರವನ್ನು ಮಾಡಲಾದೀತೇ ಎಂದು ಅವನು ಆನಂದನನ್ನು ಕೇಳಿದನು. ಆನಂದನು ಮಾಡಬಲ್ಲೆನೆಂದನು. ಪ್ರವಾಸದಿಂದ ಮರಳಿದ ಮೇಲೆ ಬಟ್ಟೆಯನ್ನು ತುಂಡುಗಳಾಗಿ ಕತ್ತರಿಸಿ, ದೊಡ್ಡ ತುಂಡು ಗದ್ದೆಯಂತೆ, ಸಣ್ಣ ತುಂಡು ಮಡಿಯಂತೆ, ನಡುವಣ ಪಟ್ಟಿ ಬದುವಿನಂತೆ ತೋರುವ ಹಾಗೆ ಹೊಂದಿಸಿದನು. ಕತ್ತಿನ ಬಳಿ, ಮೊಣಕಾಲಿನ ಬಳಿ ಬಟ್ಟೆ ಬೇಗ ಸವೆಯುವುದೆಂದು ಅಲ್ಲಿಗೆ ಬೇರೆ ಪಟ್ಟಿಗಳನ್ನು ಕೊಟ್ಟನು. ಸಂಕ್ಷೇಪವಾಗಿ ಹೇಳಿದುದನ್ನು ಇಷ್ಟು ವಿವರವಾಗಿ ಗ್ರಹಿಸಿದ ಆನಂದನನ್ನು ಬುದ್ಧನು ಭಿಕ್ಷುಗಳ ಎದುರಿಗೇ ಮೆಚ್ಚಿಕೊಂಡನು. ಕತ್ತರಿಸಿದ ಬಟ್ಟೆಗೆ ಪೇಟೆಯಲ್ಲಿ ಬೆಲೆಯಿಲ್ಲ, ಕಳ್ಳನಿಗೆ ಅದು ಬೇಡ. ಹರಿದ ಭಾಗವನ್ನಷ್ಟೇ ಬಿಚ್ಚಿ ಬೇರೆ ತುಂಡನ್ನು ಕೂಡಿಸುವುದೂ ಸುಲಭ. ಇಂದಿಗೂ ಸಿಂಹಳ, ಬರ್ಮಾ, ಥಾಯ್ಲೆಂಡ್ ದೇಶಗಳ ಭಿಕ್ಷುಗಳ ಚೀವರವನ್ನು ಬಿಡಿಸಿ ನೋಡಿದರೆ ಮಗಧದ ಆ ಗದ್ದೆಗಳು ಕಾಣುತ್ತವೆ. ಎರಡೂವರೆ ಸಾವಿರ ವರ್ಷಗಳ ಕಾಲ ಬದಲಾಗದೆ ಉಳಿದ ಇಂತಹ ಉಡುಪಿನ ಮಾದರಿ ಪ್ರಪಂಚದಲ್ಲಿ ಇನ್ನೊಂದು ದೊರೆಯುವುದು ಕಷ್ಟ.

ಬುದ್ಧನಿಗೆ ಐವತ್ತೈದು ವರ್ಷವಾದಾಗ ತನಗೊಬ್ಬ ಸ್ಥಿರವಾದ ಉಪಸ್ಥಾಯಕನು ಬೇಕೆಂದು ಅವನಿಗೆ ತೋರಿತು. ದೊಡ್ಡ ದೊಡ್ಡ ಶಿಷ್ಯರೆಲ್ಲ ಮುಂದೆ ಬಂದರು. ಆನಂದನು ಸುಮ್ಮನೆ ಕುಳಿತಿದ್ದನು. ಬುದ್ಧನ ಒಲವು ಅವನ ಕಡೆಗಿತ್ತು. ಆಗ ಆನಂದನು ಎಂಟು ಷರತ್ತುಗಳನ್ನು ಮುಂದಿಟ್ಟನು. ಅವುಗಳಲ್ಲಿ ಮೊದಲನೆಯದೇ ಬಟ್ಟೆಗೆ ಸಂಬಂಧಿಸಿದುದು: ಬುದ್ಧನಿಗೆ ದಾನವಾಗಿ ಬಂದ ಒಳ್ಳೆಯ ಚೀವರವನ್ನು ತನಗೆ ಎಂದೂ ಕೊಡಕೂಡದು. ಒಳ್ಳೆಯ ಆಹಾರವನ್ನಾಗಲಿ ವಾಸಸ್ಥಳವನ್ನಾಗಲಿ ಕೊಡಕೂಡದು, ಔತಣಗಳಿಗೆ ತನ್ನನ್ನು ಕರೆದೊಯ್ಯಕೂಡದು ಎಂಬುವು ಮುಂದಿನವು. ಲಾಭಕ್ಕಾಗಿ ಸೇವೆಗೆ ನಿಂತನೆಂಬ ಮಾತು ಬರಬಾರದೆಂದೇ ಈ ಕಟ್ಟುಪಾಡು. ಉಳಿದ ನಾಲ್ಕು ಬೇರೆ ಬಗೆಯವು. ದೂರದಿಂದ ಬಂದವರನ್ನು ತಾನು ಕರೆತಂದಾಗ ಬುದ್ಧನು ಕಾಣಬೇಕು, ತನಗೆ ಸಂದೇಹ ಬಂದಾಗ ಕೇಳಲು ಅವಕಾಶವಿರಬೇಕು, ತಾನಿಲ್ಲದಾಗ ನಡೆದ ಉಪದೇಶವನ್ನು ತನಗೆ ಮತ್ತೆ ಹೇಳಬೇಕು ಎಂಬಂತಹವು. ಬುದ್ಧನು ಎಲ್ಲಕ್ಕೂ ಒಪ್ಪಿದನು. ಅಂದಿನಿಂದ ಇಪ್ಪತ್ತೈದು ವರ್ಷ ಆನಂದನು ನೆರಳಿನಂತೆ ಅವನ ಹಿಂದೆ ನಡೆದನು. ನೀರು ತಂದನು, ಹಾಸಿಗೆ ಹಾಸಿದನು, ಚೀವರ ಹೊಲಿದನು, ಕೇಳಿದ ಪ್ರತಿಯೊಂದು ಮಾತನ್ನೂ ನೆನಪಿನಲ್ಲಿಟ್ಟನು.

ಬಟ್ಟೆಯ ಹಿಂದೆ ಕೊಟ್ಟವರ ಮನಸ್ಸಿರುತ್ತದೆ ಎಂಬುದನ್ನು ಆನಂದನು ಚೆನ್ನಾಗಿ ಬಲ್ಲವನಾಗಿದ್ದನು. ಬುದ್ಧನ ಸಾಕುತಾಯಿ ಮಹಾಪ್ರಜಾಪತಿ ಗೌತಮಿಯು ತಾನೇ ನೂತು ತಾನೇ ನೇಯ್ದ ಜೋಡಿ ವಸ್ತ್ರವನ್ನು ಮಗನಿಗಾಗಿ ತಂದಳು. ಅದನ್ನು ತನಗಲ್ಲ, ಸಂಘಕ್ಕೆ ಕೊಡು ಎಂದು ಬುದ್ಧನು ಹೇಳಿದನು. ಅವಳು ಮತ್ತೆ ಬೇಡಿದಳು, ಅವನು ಮತ್ತೆ ಅದನ್ನೇ ಹೇಳಿದನು. ಆಗ ಆನಂದನು ನಡುವೆ ಬಂದು, ಹೆತ್ತ ತಾಯಿ ತೀರಿಕೊಂಡಾಗ ಎದೆಹಾಲು ಕುಡಿಸಿ ಸಲಹಿದವಳು ಈಕೆ ಎಂಬುದನ್ನು ಬುದ್ಧನಿಗೆ ನೆನಪಿಸಿ ಅವಳ ಪರವಾಗಿ ವಾದಿಸಿದನು. ಒಬ್ಬನಿಗೆ ಕೊಡುವುದಕ್ಕಿಂತ ಸಂಘಕ್ಕೆ ಕೊಡುವುದು ಏಕೆ ಹಿರಿದೆಂಬುದನ್ನು ಬುದ್ಧನು ವಿವರಿಸಿದುದು ಈ ಸಂದರ್ಭದಲ್ಲಿಯೇ. ಇನ್ನೊಮ್ಮೆ ಅದೇ ಗೌತಮಿಯು ಕೂದಲು ತೆಗೆಸಿ, ಕಾವಿಯುಟ್ಟು, ಅನೇಕ ಶಾಕ್ಯ ಸ್ತ್ರೀಯರೊಡನೆ ವೈಶಾಲಿಗೆ ನಡೆದು ಬಂದು, ಊದಿದ ಕಾಲುಗಳಲ್ಲಿ ಬಾಗಿಲ ಹೊರಗೆ ಅಳುತ್ತ ನಿಂತಾಗಲೂ ಒಳಗೆ ಹೋಗಿ ಬೇಡಿದವನು ಆನಂದನೇ. ಮೂರು ಬಾರಿ ಇಲ್ಲವೆನಿಸಿಕೊಂಡ ಮೇಲೂ ಅವನು ಬಿಡಲಿಲ್ಲ. ಸ್ತ್ರೀಯರಿಗೆ ಪರಮಪದವನ್ನು ಪಡೆಯುವ ಶಕ್ತಿಯಿದೆಯೇ ಎಂದು ಕೇಳಿದನು. ಇದೆಯೆಂದು ಬುದ್ಧನು ಹೇಳಲೇಬೇಕಾಯಿತು. ಭಿಕ್ಷುಣಿಯರ ಸಂಘ ಹುಟ್ಟಿದುದು ಹೀಗೆ.

ಆನಂದನ ಪ್ರೀತಿಯಿಂದಾಗಿ ಒಂದು ನಿಯಮವೇ ಸಡಿಲವಾದ ಪ್ರಸಂಗವೂ ಉಂಟು. ಹೆಚ್ಚಿನ ಚೀವರವನ್ನು ಯಾರೂ ಇಟ್ಟುಕೊಳ್ಳಕೂಡದೆಂಬ ಕಟ್ಟಳೆ ಆಗಿತ್ತು. ಆನಂದನಿಗೆ ಒಂದು ಚೀವರ ದೊರೆಯಿತು. ಅದನ್ನು ಸಾರಿಪುತ್ರನಿಗೆ ಕೊಡಬೇಕೆಂದು ಅವನ ಆಸೆ. ಸಾರಿಪುತ್ರನಾದರೋ ದೂರದ ಸಾಕೇತದಲ್ಲಿದ್ದನು. ಇಟ್ಟುಕೊಂಡರೆ ನಿಯಮಭಂಗ, ಬಿಟ್ಟುಕೊಟ್ಟರೆ ಗೆಳೆಯನಿಗೆ ಇಲ್ಲ. ವಿಷಯ ಬುದ್ಧನವರೆಗೆ ಹೋಯಿತು. ಸಾರಿಪುತ್ರನು ಎಷ್ಟು ದಿನಕ್ಕೆ ಬರುವನೆಂದು ಬುದ್ಧನು ಕೇಳಿದನು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಬರುವನೆಂದು ಆನಂದನು ತಿಳಿಸಿದನು. ಅಂದಿನಿಂದ ಹೆಚ್ಚಿನ ಚೀವರವನ್ನು ಹತ್ತು ದಿನದವರೆಗೆ ಇಟ್ಟುಕೊಳ್ಳಬಹುದೆಂದು ನಿಯಮವಾಯಿತು.

ಎಂಬತ್ತನೆಯ ವಯಸ್ಸಿನಲ್ಲಿ ಬುದ್ಧನು ಕುಶಿನಗರದ ಹಾದಿಯಲ್ಲಿದ್ದಾಗ ಪುಕ್ಕುಸ ಎಂಬ ಮಲ್ಲನು ಬಂಗಾರದ ಬಣ್ಣದ ಒಂದು ಜೊತೆ ವಸ್ತ್ರವನ್ನು ತಂದನು. ಒಂದನ್ನು ತನಗೂ ಒಂದನ್ನು ಆನಂದನಿಗೂ ಹೊದಿಸೆಂದು ಬುದ್ಧನೇ ಹೇಳಿದನು. ಆನಂದನು ತನ್ನ ಪಾಲಿಗೆ ಬಂದುದನ್ನೂ ಗುರುವಿನ ಮೈಗೇ ಹೊದಿಸಿದನು. ಕಾಲು ಶತಮಾನದ ಹಿಂದೆ ಹಾಕಿಕೊಂಡ ಷರತ್ತನ್ನು ಅವನು ಮರೆತಿರಲಿಲ್ಲ. ಬುದ್ಧನ ಮೈಕಾಂತಿಯ ಮುಂದೆ ಆ ಬಂಗಾರದ ವಸ್ತ್ರ ಮಂಕಾಗಿ ಕಂಡಿತೆಂದು ಗ್ರಂಥಗಳು ಹೇಳುತ್ತವೆ. ಅದೇ ರಾತ್ರಿ ಸಾಲವೃಕ್ಷಗಳ ನಡುವೆ ಬುದ್ಧನು ಪರಿನಿರ್ವಾಣ ಹೊಂದಿದನು. ಅದಕ್ಕೆ ಸ್ವಲ್ಪ ಮುಂಚೆ ವಿಹಾರದ ಬಾಗಿಲಿಗೆ ಒರಗಿ ಅಳುತ್ತಿದ್ದ ಆನಂದನನ್ನು ಕರೆಸಿ ಸಂತೈಸಿದ್ದನು.

ಗುರುವಿನ ಅಗಲಿಕೆಯ ಬೆನ್ನಿಗೆ ಆನಂದನ ಬಾಳಿನ ಅತ್ಯಂತ ಕಠಿಣವಾದ ದಿನಗಳು ಬಂದುವು. ರಾಜಗೃಹದಲ್ಲಿ ಐನೂರು ಮಂದಿ ಸ್ಥವಿರರ ಸಭೆ ಸೇರಿತು. ಅದಕ್ಕೆ ಮುಂದಾಳು ಮಹಾಕಾಶ್ಯಪ. ಇವನು ಕಟ್ಟುನಿಟ್ಟಿನ ತಪಸ್ವಿ. ಒಮ್ಮೆ ತನ್ನ ಮೆತ್ತನೆಯ ಸಂಘಾಟಿಯನ್ನು ಬುದ್ಧನಿಗೆ ಅರ್ಪಿಸಿ, ಬುದ್ಧನು ಉಟ್ಟು ಸವೆಸಿದ ಸೆಣಬಿನ ಪಾಂಸುಕೂಲವನ್ನು ಪಡೆದು ಧರಿಸಿದವನು. ಆನಂದನು ಎಲ್ಲರಿಗಿಂತ ಹೆಚ್ಚು ಕೇಳಿದವನಾದರೂ ಅರ್ಹತ್ ಪದವಿಯನ್ನು ಇನ್ನೂ ಪಡೆದಿರಲಿಲ್ಲ. ಸಭೆಯ ಹಿಂದಿನ ರಾತ್ರಿಯೆಲ್ಲ ಧ್ಯಾನದಲ್ಲಿ ಕಳೆದು, ಬೆಳಗಿನ ಜಾವ ಮಲಗಲೆಂದು ಒರಗಿದಾಗ, ತಲೆ ದಿಂಬನ್ನು ಮುಟ್ಟುವ ಮೊದಲೇ ಅವನಿಗೆ ಆ ಸ್ಥಿತಿ ಲಭಿಸಿತು. ಸಭೆಯಲ್ಲಿ ವಿನಯದ ನಿಯಮಗಳನ್ನು ಹೇಳಿದವನು ಉಪಾಲಿ. ಒಡವೆಯ ಗಂಟನ್ನು ಮರಕ್ಕೆ ತೂಗುಹಾಕಿ ಬಂದಿದ್ದವನು ಅವನೇ. ಧರ್ಮೋಪದೇಶಗಳನ್ನು ಹೇಳಿದವನು ಆನಂದ. ಅವನ ನೆನಪಿನ ಬಲದಿಂದ ಬುದ್ಧನ ಮಾತು ಜಗತ್ತಿಗೆ ಉಳಿಯಿತು.

ಆದರೆ ಅದೇ ಸಭೆಯಲ್ಲಿ ಸ್ಥವಿರರು ಅವನ ಮೇಲೆ ತಪ್ಪುಗಳನ್ನು ಹೊರಿಸಿದರು. ಸಣ್ಣಪುಟ್ಟ ನಿಯಮಗಳು ಯಾವುವೆಂದು ಬುದ್ಧನನ್ನು ಕೇಳಿಡಲಿಲ್ಲ, ಇನ್ನಷ್ಟು ಕಾಲ ಬಾಳೆಂದು ಬೇಡಲಿಲ್ಲ, ಸ್ತ್ರೀಯರ ದೀಕ್ಷೆಗೆ ಯತ್ನಿಸಿದನು ಎಂಬುವುಗಳ ಜೊತೆಗೆ ಮತ್ತೊಂದು ಆಪಾದನೆ ಬಂದಿತು: ಬುದ್ಧನ ಮಳೆಗಾಲದ ವಸ್ತ್ರವನ್ನು ಹೊಲಿಯುವಾಗ ಆನಂದನು ಅದನ್ನು ಕಾಲಿನಿಂದ ಮೆಟ್ಟಿದ್ದನು. ಹೊಲಿಗೆ ಬಲ್ಲ ಯಾರಿಗಾದರೂ ತಿಳಿದೀತು, ಉದ್ದನೆಯ ಬಟ್ಟೆಯನ್ನು ಒಬ್ಬನೇ ಕುಳಿತು ಹೊಲಿಯುವಾಗ ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿಯುವುದು ಸಹಜ. ಇಪ್ಪತ್ತೈದು ವರ್ಷದ ಸೇವೆಯಲ್ಲಿ ಹಿರಿಯರಿಗೆ ಕಂಡುದು ಆ ಕಾಲು. ಆನಂದನು ಸಿಟ್ಟಾಗಲಿಲ್ಲ. ಅಗೌರವದಿಂದ ಹಾಗೆ ಮಾಡಿದುದಲ್ಲ, ತನಗೆ ಅದರಲ್ಲಿ ತಪ್ಪು ಕಾಣುತ್ತಿಲ್ಲ, ಆದರೂ ಹಿರಿಯರಲ್ಲಿ ಇರುವ ಶ್ರದ್ಧೆಯಿಂದ ಅದನ್ನು ತಪ್ಪೆಂದು ಒಪ್ಪಿಕೊಳ್ಳುತ್ತೇನೆ ಎಂದು ಪ್ರತಿಯೊಂದಕ್ಕೂ ಹೇಳಿದನು. ಸ್ತ್ರೀಯರ ವಿಷಯದಲ್ಲಿಯೂ ಅದನ್ನೇ ಹೇಳಿದನು. ತಾನು ಮಾಡಿದುದು ಸರಿಯೆಂಬ ನಿಲುವನ್ನು ಬಿಡದೆ ಸಂಘದ ಒಗ್ಗಟ್ಟನ್ನೂ ಕೆಡಿಸದೆ ನಡೆದುಕೊಂಡ ಆ ರೀತಿ ಎಲ್ಲರಿಗೂ ಸಾಧ್ಯವಾಗುವಂತಹುದಲ್ಲ.

ಸಭೆ ಮುಗಿದ ಮೇಲೆ ಛನ್ನನೆಂಬ ಒರಟು ಭಿಕ್ಷುವಿಗೆ ವಿಧಿಸಿದ್ದ ಶಿಕ್ಷೆಯನ್ನು ತಿಳಿಸಲು ಆನಂದನು ಯಮುನೆಯ ದಡದ ಕೌಶಾಂಬಿಗೆ ಹೋದನು. ಅಲ್ಲಿ ಉದಯನ ರಾಜನ ಉದ್ಯಾನದ ಬಳಿ ಒಂದು ಮರದ ಬುಡದಲ್ಲಿ ಕುಳಿತನು. ರಾಜನು ರಾಣಿಯರೊಡನೆ ಉದ್ಯಾನಕ್ಕೆ ಬಂದಿದ್ದನು. ರಾಣಿಯರು ರಾಜನ ಅಪ್ಪಣೆ ಪಡೆದು ಆನಂದನ ಉಪದೇಶವನ್ನು ಕೇಳಿದರು. ಕೇಳಿ ಸಂತೋಷಗೊಂಡು ಐನೂರು ಉತ್ತರಾಸಂಗಗಳನ್ನು ಅವನಿಗೆ ದಾನವಾಗಿ ಕೊಟ್ಟರು.

ಈ ಸುದ್ದಿ ರಾಜನ ಕಿವಿಗೆ ಬಿದ್ದಿತು. ಅವನಿಗೆ ಕೋಪ ಬಂದಿತು. ಮೂರು ವಸ್ತ್ರದಲ್ಲಿ ಬದುಕುವೆನೆನ್ನುವ ಸನ್ಯಾಸಿಗೆ ಐನೂರು ಬಟ್ಟೆ ಏಕೆ? ಜವಳಿಯ ವ್ಯಾಪಾರ ಮಾಡುವನೋ, ಅಂಗಡಿಯನ್ನೇ ತೆರೆಯುವನೋ? ಸಂದೇಹ ಅನ್ಯಾಯದ್ದೇನೂ ಅಲ್ಲ. ಆನಂದನ ಹೆಸರಿನೊಡನೆ ಇಡೀ ಸಂಘದ ಹೆಸರೂ ಆ ಹೊತ್ತು ಆ ಬಟ್ಟೆಯ ರಾಶಿಯ ಮೇಲೆ ನಿಂತಿತ್ತು. ಬುದ್ಧನು ಇನ್ನಿಲ್ಲ, ಅವನ ಶಿಷ್ಯರು ಆಸೆಬುರುಕರೆಂಬ ಮಾತು ಅರಸನ ಬಾಯಿಂದ ಹೊರಟರೆ ಊರೂರಿಗೆ ಹರಡಲು ಬಹಳ ಕಾಲ ಬೇಕಾಗಿರಲಿಲ್ಲ.

ರಾಜನು ತಾನೇ ಆನಂದನ ಬಳಿಗೆ ಬಂದು, ಕುಶಲವನ್ನು ವಿಚಾರಿಸಿ, ಇಷ್ಟು ಬಟ್ಟೆಯನ್ನು ಏನು ಮಾಡುವಿರೆಂದು ಕೇಳಿದನು. ಚೀವರ ಹರಿದುಹೋದ ಭಿಕ್ಷುಗಳಿಗೆ ಹಂಚುತ್ತೇವೆಂದು ಆನಂದನು ಹೇಳಿದನು. ಅವರ ಹಳೆಯ ಚೀವರಗಳನ್ನು? ಅವನ್ನು ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಮೇಲುಹೊದಿಕೆಗಳನ್ನು? ಮೆತ್ತೆಗೆ ಗವಸು ಮಾಡುತ್ತೇವೆ. ಹಳೆಯ ಗವಸುಗಳನ್ನು? ನೆಲದ ಹಾಸು ಮಾಡುತ್ತೇವೆ. ಹಳೆಯ ಹಾಸುಗಳನ್ನು? ಕಾಲೊರಸು ಮಾಡುತ್ತೇವೆ. ಹಳೆಯ ಕಾಲೊರಸುಗಳನ್ನು? ದೂಳು ಹೊಡೆಯುವ ಅರಿವೆ ಮಾಡುತ್ತೇವೆ. ರಾಜನು ಅಲ್ಲಿಗೂ ಬಿಡಲಿಲ್ಲ. ದೂಳು ಹೊಡೆಯುವ ಅರಿವೆಯೂ ಚಿಂದಿಯಾದ ಮೇಲೆ? ಅದನ್ನು ಕುಟ್ಟಿ, ಜೇಡಿಮಣ್ಣಿನೊಡನೆ ಕಲಸಿ, ನೆಲಕ್ಕೆ ಮೆತ್ತುತ್ತೇವೆ ಎಂದು ಆನಂದನು ಹೇಳಿದನು.

ಪ್ರಶ್ನೆಗೆ ಮುಂದೆ ದಾರಿಯಿರಲಿಲ್ಲ. ರಾಣಿಯ ಪೆಟ್ಟಿಗೆಯಲ್ಲಿದ್ದ ವಸ್ತ್ರ ಏಳು ಜನ್ಮಗಳನ್ನು ದಾಟಿ ಭಿಕ್ಷುಗಳ ಕಾಲಡಿಯ ನೆಲವಾಗಿತ್ತು. ಇಂದು ಪರದೇಶಗಳಿಂದ ಹಡಗುಗಳಲ್ಲಿ ಬರುವ ಹಳೆಯ ಉಣ್ಣೆಬಟ್ಟೆಯನ್ನು ಹರಿಯಾಣದ ಪಾಣಿಪತ್ತಿನ ಗಿರಣಿಗಳಲ್ಲಿ ಹಿಂಜಿ ನೂಲು ಮಾಡಿ ಮತ್ತೆ ಹೊದಿಕೆ ನೇಯುವುದುಂಟು. ಹಾಗೆಯೇ ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಒಂದೆರಡು ಬಾರಿ ತೊಟ್ಟ, ಕೆಲವು ತೊಡದೆಯೇ ಇದ್ದ ಉಡುಪುಗಳನ್ನು ಗುಡ್ಡೆಗುಡ್ಡೆಯಾಗಿ ಸುರಿದುದೂ ಉಂಟು. ಎರಡನೆಯ ಗುಡ್ಡೆಯ ಮುಂದೆ ನಿಂತು ಉದಯನನ ಪ್ರಶ್ನೆಯನ್ನು ಕೇಳಿದರೆ ಮೊದಲನೆಯ ಮೆಟ್ಟಿಲಿನಲ್ಲಿಯೇ ಉತ್ತರ ನಿಂತುಹೋಗುತ್ತದೆ.

ಶಾಕ್ಯಪುತ್ರರು ಎಲ್ಲವನ್ನೂ ಯೋಗ್ಯವಾಗಿ ಬಳಸುತ್ತಾರೆ, ಯಾವುದನ್ನೂ ಕೂಡಿಡುವುದಿಲ್ಲವೆಂದು ಉದಯನನಿಗೆ ಮನದಟ್ಟಾಯಿತು. ಅವನು ಇನ್ನೂ ಐನೂರು ವಸ್ತ್ರಗಳನ್ನು ಕೊಟ್ಟನು. ಆನಂದನು ಹೀಗೆ ಮೊದಲ ಬಾರಿಗೆ ಪಡೆದ ಸಾವಿರ ಚೀವರಗಳ ದಾನವಿದು ಎಂದು ವಿನಯಪಿಟಕ ಲೆಕ್ಕ ಬರೆದಿಟ್ಟಿದೆ.

ಆನಂದನು ಬಹಳ ವರ್ಷ ಬಾಳಿದನು. ರೋಹಿಣಿ ನದಿಯ ಎರಡು ದಡಗಳಲ್ಲಿದ್ದ ಬಂಧುಗಳು ತನ್ನ ಅಸ್ಥಿಗಾಗಿ ಜಗಳವಾಡಬಾರದೆಂದು ಅವನು ನದಿಯ ನಡುವೆ ದೇಹವನ್ನು ಬಿಟ್ಟು, ಎರಡು ದಡಕ್ಕೂ ಪಾಲು ಸಲ್ಲುವಂತೆ ಮಾಡಿದನೆಂದು ಒಂದು ಐತಿಹ್ಯವಿದೆ. ಭಿಕ್ಷುವಿನ ಚೀವರಕ್ಕಾದರೆ ಅಂತಹ ಜಗಳಕ್ಕೆ ಎಡೆಯಿರಲಿಲ್ಲ. ಬಹಳ ಹಿಂದೆ, ರೋಗದಿಂದ ತನ್ನ ಹೊಲಸಿನಲ್ಲಿ ತಾನೇ ಬಿದ್ದಿದ್ದ ಒಬ್ಬ ಭಿಕ್ಷುವನ್ನು ಬುದ್ಧನೂ ಆನಂದನೂ ಕಂಡಿದ್ದರು. ಆನಂದನು ನೀರು ತಂದನು. ಬುದ್ಧನು ನೀರು ಸುರಿದನು, ಆನಂದನು ಮೈ ತೊಳೆದನು. ಒಬ್ಬನು ತಲೆಯ ಕಡೆ, ಒಬ್ಬನು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ರೋಗಿಗಳನ್ನು ನೋಡಿಕೊಳ್ಳುವುದು ಎಲ್ಲರ ಹೊಣೆಯೆಂದು ಬುದ್ಧನು ಅಂದು ವಿಧಿಸಿದನು. ತೀರಿಕೊಂಡ ಭಿಕ್ಷುವಿನ ಚೀವರವೂ ಭಿಕ್ಷಾಪಾತ್ರೆಯೂ ಅವನ ಶುಶ್ರೂಷೆ ಮಾಡಿದವರಿಗೆ ಸಲ್ಲಬೇಕೆಂದು ಅದರ ಬೆನ್ನಿಗೇ ಇನ್ನೊಂದು ಕಟ್ಟಳೆಯಾಯಿತು.